ಮಾದರಿ ರೈಲುಮಾರ್ಗ ವಿನ್ಯಾಸ ತಂತ್ರಾಂಶ

ಮಾದರಿ ರೈಲುಮಾರ್ಗ ವಿನ್ಯಾಸ ತಂತ್ರಾಂಶ ಎಂಬುದು ಹವ್ಯಾಸಿಗಳು ಮಾದರಿ ರೈಲಿನ ಹಳಿಗಳನ್ನು ಜೋಡಿಸುವ ಮುನ್ನ ಅವುಗಳ ನಕ್ಷೆಯನ್ನು ಗಣಕಯಂತ್ರದಲ್ಲಿ ನಿಖರವಾದ ಅಳತೆಯಲ್ಲಿ ರಚಿಸಲು ಬಳಸುವ ತಂತ್ರಾಂಶ. ಲಭ್ಯವಿರುವ ಹಲಗೆಯ ಮೇಲೆ ಯಾವ ತಿರುವು ಹಿಡಿಸುತ್ತದೆ, ಎಷ್ಟು ಹಳಿತುಂಡುಗಳು ಬೇಕಾಗುತ್ತವೆ, ಸೇತುವೆಗೆ ಹೋಗುವ ಏರನ್ನು ಎಂಜಿನ್ ಹತ್ತಬಲ್ಲದೇ ಎಂಬ ಪ್ರಶ್ನೆಗಳಿಗೆ ಹಣ ವ್ಯಯಿಸುವ ಮೊದಲೇ ಉತ್ತರ ಕಂಡುಕೊಳ್ಳುವುದು ಇದರ ಉದ್ದೇಶ. ಆದರೆ ಇಂತಹ ತಂತ್ರಾಂಶವು ಬಳಕೆದಾರನು ನಿಗದಿಪಡಿಸಿದ ಮಿತಿಗಳಿಗೆ ಅನುಸಾರವಾಗಿ ಮಾತ್ರ ತಪ್ಪುಗಳನ್ನು ತೋರಿಸುತ್ತದೆ. ಆದ್ದರಿಂದ ರೇಖೆ ಎಳೆಯುವುದಕ್ಕಿಂತಲೂ ಸರಿಯಾದ ಮಿತಿಗಳನ್ನು ನಿರ್ಧರಿಸುವುದೇ ಇದರ ಕಲಿಕೆಯಲ್ಲಿ ಮುಖ್ಯವಾದುದು.

ಹಿನ್ನೆಲೆ

ಗಣಕಯಂತ್ರ ಬಳಕೆಗೆ ಬರುವ ಮುನ್ನ ಗ್ರಾಫ್ ಹಾಳೆ, ಕೈವಾರ ಮತ್ತು ಅಚ್ಚುಗಳ ನೆರವಿನಿಂದ ನಕ್ಷೆ ರಚಿಸಲಾಗುತ್ತಿತ್ತು. ಕೈಯಿಂದ ಬಿಡಿಸಿದ ನಕ್ಷೆಯಲ್ಲಿ ತಿರುವುಗಳು ವಾಸ್ತವಕ್ಕಿಂತ ಚಿಕ್ಕದಾಗಿ ಮೂಡುವುದು ಸಾಮಾನ್ಯವಾಗಿತ್ತು. ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ ಅವರು ಇದಕ್ಕೆ ಒಂದು ಪರಿಹಾರವನ್ನು ಸೂಚಿಸಿದರು. ಕನಿಷ್ಠ ತಿರುವಿನ ತ್ರಿಜ್ಯಕ್ಕೆ ಎರಡು ಸಮಾನಾಂತರ ಹಳಿದಾರಿಗಳ ಅಂತರದ ಎರಡರಷ್ಟನ್ನು ಸೇರಿಸಿ, ಆ ಉದ್ದವನ್ನು ಬಾಹುವಾಗಿ ಉಳ್ಳ ಚೌಕಗಳಾಗಿ ಕೋಣೆಯನ್ನು ವಿಭಾಗಿಸುವುದು ಈ ವಿಧಾನ. ಎಷ್ಟು ಚೌಕಗಳು ಹಿಡಿಸುತ್ತವೆ ಎಂಬುದರಿಂದಲೇ ಯಾವ ಬಗೆಯ ಮಾರ್ಗ ಸಾಧ್ಯವೆಂದು ತಿಳಿಯುತ್ತದೆ. ಮೊದಲು ಮಿತಿ, ಅನಂತರ ರೇಖೆ ಎಂಬ ಈ ಕ್ರಮವು ತಂತ್ರಾಂಶದ ಬಳಕೆಗೂ ಅನ್ವಯಿಸುತ್ತದೆ.

ಪ್ರಮುಖ ತಂತ್ರಾಂಶಗಳು

ಎಕ್ಸ್‌ಟ್ರ್ಯಾಕ್‌ಕ್ಯಾಡ್: ಇದು ಮುಕ್ತ ತಂತ್ರಾಂಶವಾಗಿದ್ದು ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳಲ್ಲಿ ಕಾರ್ಯನಿರ್ವಹಿಸುತ್ತದೆ.

ಸ್ಕಾರ್ಮ್ ಮತ್ತು ಎನಿರೈಲ್: ಇವುಗಳಲ್ಲಿ ವಿವಿಧ ತಯಾರಕರ ಹಳಿತುಂಡುಗಳನ್ನು ಆಯ್ದು ಪರಸ್ಪರ ಜೋಡಿಸುತ್ತಾ ಹೋಗಬಹುದು. ಉಚಿತ ಆವೃತ್ತಿಗಳಲ್ಲಿ ಬಳಸಬಹುದಾದ ಹಳಿತುಂಡುಗಳ ಸಂಖ್ಯೆಗೆ ಮಿತಿಯಿದೆ.

ಟೆಂಪ್ಲಾಟ್: ಬ್ರಿಟನ್ನಿನಲ್ಲಿ ರೂಪುಗೊಂಡ ಈ ತಂತ್ರಾಂಶವು ಹಳಿಗಳನ್ನು ಕೈಯಿಂದಲೇ ತಯಾರಿಸುವವರಿಗೆ ಉಪಯುಕ್ತ. ಇದು ಮುದ್ರಿಸಿಕೊಡುವ ಪೂರ್ಣ ಗಾತ್ರದ ಕಾಗದದ ಅಚ್ಚಿನ ಮೇಲೆಯೇ ಸ್ಲೀಪರ್ ಮತ್ತು ಹಳಿಗಳನ್ನು ಜೋಡಿಸಲಾಗುತ್ತದೆ.

ಅಳತೆಮಾನ ಮತ್ತು ಗೇಜ್

ನಕ್ಷೆಯನ್ನು ಆರಂಭಿಸುವ ಮೊದಲು ಅಳತೆಮಾನವನ್ನು ಆರಿಸಬೇಕು. ಎಚ್‌ಒ ಅಳತೆಮಾನವು 1:87, ಬ್ರಿಟನ್ನಿನ ಒಒ ಅಳತೆಮಾನವು ಸುಮಾರು 1:76; ಎರಡಕ್ಕೂ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಅಳತೆಮಾನವು ಸಾಮಾನ್ಯವಾಗಿ 1:160, ಗೇಜ್ 9 ಮಿ.ಮೀ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ 1:87ರಲ್ಲಿ ಅದು 19 ಮಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ಹೀಗಾಗಿ ಸಿದ್ಧ ಎಚ್‌ಒ ಹಳಿಯ ಮೇಲೆ ಓಡುವ ಭಾರತೀಯ ರೈಲಿನ ಮಾದರಿಯಲ್ಲಿ ಹಳಿಯು ವಾಸ್ತವಕ್ಕಿಂತ ಕಿರಿದಾಗಿರುತ್ತದೆ.

ನಿಜವಾದ ನಿಲ್ದಾಣವೊಂದನ್ನು ಯಥಾವತ್ತಾಗಿ ಕಿರಿದುಗೊಳಿಸುವುದು ಬಹುಮಟ್ಟಿಗೆ ಅಸಾಧ್ಯ. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಎಚ್‌ಒ ಅಳತೆಮಾನದಲ್ಲಿಯೂ 17 ಮೀಟರ್ ಮೀರುತ್ತದೆ. ಆದ್ದರಿಂದ ನಿಲ್ದಾಣದ ಸ್ವರೂಪವನ್ನು ಉಳಿಸಿಕೊಂಡು ಉದ್ದವನ್ನು ಕಡಿತಗೊಳಿಸುವುದು ವಿನ್ಯಾಸಕಾರರ ರೂಢಿ.

ಕಲಿಕೆಯ ಕ್ರಮ

ಎಕ್ಸ್‌ಟ್ರ್ಯಾಕ್‌ಕ್ಯಾಡ್‌ನಲ್ಲಿ ಕಲಿಯುವವರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಸಹಾಯ ವಿಭಾಗದಲ್ಲಿರುವ ಪ್ರಾತ್ಯಕ್ಷಿಕೆಗಳನ್ನು ನೋಡುವುದು.
2. ಹಲಗೆಯ ಅಥವಾ ಕೋಣೆಯ ಅಳತೆ ಹಾಗೂ ಅಳತೆಮಾನವನ್ನು ನಮೂದಿಸುವುದು.
3. ಕನಿಷ್ಠ ತ್ರಿಜ್ಯ ಮತ್ತು ಗರಿಷ್ಠ ಏರನ್ನು ನಿಗದಿಪಡಿಸುವುದು. ಇವುಗಳನ್ನು ಮೀರಿದ ಹಳಿದಾರಿಯನ್ನು ತಂತ್ರಾಂಶವು ಬೇರೆ ಬಣ್ಣದಲ್ಲಿ ತೋರಿಸುತ್ತದೆ.
4. ಕೈಯಲ್ಲಿರುವ ಅಥವಾ ಕೊಳ್ಳಲಿರುವ ತಯಾರಕರ ಹಳಿಗಳ ಸಂಗ್ರಹವನ್ನು ಮಾತ್ರ ತೆರೆದುಕೊಳ್ಳುವುದು.
5. ಮೊದಲು ಪಾಯಿಂಟ್‌ಗಳನ್ನು ಇರಿಸಿ, ಅನಂತರ ಅವುಗಳ ನಡುವಿನ ಹಳಿದಾರಿಯನ್ನು ಪೂರ್ಣಗೊಳಿಸುವುದು. ಪಾಯಿಂಟನ್ನು ಬಗ್ಗಿಸಲಾಗದು, ಸಾದಾ ಹಳಿಯನ್ನು ಹೊಂದಿಸಿಕೊಳ್ಳಬಹುದು.
6. ಪರದೆಯ ಮೇಲೆ ರೈಲನ್ನು ಓಡಿಸಿ ನೋಡಿ, ಬೇಕಾದ ಹಳಿತುಂಡುಗಳ ಪಟ್ಟಿಯನ್ನು ಪಡೆಯುವುದು.

ಉದಾಹರಣೆ

8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯು ಸುಮಾರು 2440 × 1220 ಮಿ.ಮೀ. ಇರುತ್ತದೆ. ಹಾರ್ನ್‌ಬಿ ಸಂಸ್ಥೆಯ ಒಒ ತಿರುವು ಹಳಿಗಳ ತ್ರಿಜ್ಯಗಳು ಕ್ರಮವಾಗಿ 371, 438, 505 ಮತ್ತು 572 ಮಿ.ಮೀ. ನಾಲ್ಕನೆಯ ತ್ರಿಜ್ಯವನ್ನು ಆರಿಸಿದರೆ ವ್ಯಾಸ 1144 ಮಿ.ಮೀ. ಆಗಿ, ಹಳಿದಾರಿಯ ಮಧ್ಯದಿಂದ ಹಲಗೆಯ ಅಂಚಿಗೆ ಪ್ರತಿ ಬದಿಯಲ್ಲಿ 38 ಮಿ.ಮೀ. ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಇದು ಹಿಡಿಸುತ್ತದೆ. ಆದರೆ ಹಳಿ ತಪ್ಪಿದ ಬೋಗಿ ನೇರವಾಗಿ ನೆಲಕ್ಕೆ ಬೀಳುವ ಸಂಭವವಿದೆ.

ಮೂರನೆಯ ತ್ರಿಜ್ಯವನ್ನು ಬಳಸಿದರೆ ಪ್ರತಿ ಬದಿಯಲ್ಲಿ 105 ಮಿ.ಮೀ. ಉಳಿಯುತ್ತದೆ. ತಲಾ 45 ಡಿಗ್ರಿಯ ಎಂಟು ತಿರುವು ಹಳಿಗಳು ಮತ್ತು ಪ್ರತಿ ಬದಿಗೆ 168 ಮಿ.ಮೀ.ನ ಏಳು ನೇರ ಹಳಿಗಳಿಂದ ಸುಮಾರು 5.5 ಮೀಟರ್ ಉದ್ದದ ಅಂಡಾಕಾರದ ಮಾರ್ಗ ಸಿದ್ಧವಾಗುತ್ತದೆ.

ಇದೇ ಹಲಗೆಯ ಮೇಲೆ ಸೇತುವೆಯೂ ಇರಲಿ ಎಂಬುದು ಹೊಸಬರ ಸಾಮಾನ್ಯ ಅಪೇಕ್ಷೆ. ಕೆಳಗಿನ ಹಳಿಗಿಂತ ಮೇಲಿನ ಹಳಿ 80 ಮಿ.ಮೀ. ಎತ್ತರದಲ್ಲಿರಬೇಕೆಂದು ಇಟ್ಟುಕೊಂಡರೆ, ಶೇ. 3ರ ಏರಿನಲ್ಲಿ ಮೇಲೇರಲು ಸುಮಾರು 2.67 ಮೀಟರ್, ಇಳಿಯಲು ಮತ್ತೆ ಅಷ್ಟೇ ದೂರ ಬೇಕು. ಇಂತಹ ಅಂಡಾಕಾರದ ಮಾರ್ಗದ ಬಹುತೇಕ ಇಡೀ ಉದ್ದ ಏರಿಳಿತಕ್ಕೇ ವ್ಯಯವಾಗುತ್ತದೆ. ನಿಲ್ದಾಣಕ್ಕೆ ಸಮತಟ್ಟಾದ ಜಾಗ ಉಳಿಯುವುದಿಲ್ಲ. ಶೇ. 2ರ ಏರಾದರೆ ಏರಲು 4 ಮೀಟರ್, ಇಳಿಯಲು 4 ಮೀಟರ್ ಬೇಕಾಗುತ್ತದೆ.

ಬಳಕೆದಾರನು ಗಮನಿಸಬೇಕಾದ ಅಂಶಗಳು

ಜೋಡಣೆಯ ಸಡಿಲಿಕೆ: ಎರಡು ತುದಿಗಳ ನಡುವೆ ಅಲ್ಪ ಅಂತರವಿದ್ದರೂ ತಂತ್ರಾಂಶವು ಅವುಗಳನ್ನು ಕೂಡಿದಂತೆ ಪರಿಗಣಿಸಬಹುದು. ಈ ಸಡಿಲಿಕೆಯನ್ನು ಹೆಚ್ಚಿಸಿದರೆ ಪರದೆಯ ಮೇಲೆ ಕೂಡಿದ ಮಾರ್ಗ ಹಲಗೆಯ ಮೇಲೆ ಕೂಡದಿರಬಹುದು.

ಎದುರುಬದುರು ತಿರುವುಗಳು: ಎಡತಿರುವಿನ ಬೆನ್ನಿಗೇ ಬಲತಿರುವು ಬಂದರೆ ಉದ್ದನೆಯ ಬೋಗಿಗಳು ಒಂದನ್ನೊಂದು ಪಕ್ಕಕ್ಕೆ ಎಳೆದು ಹಳಿ ತಪ್ಪಬಹುದು. ಅವೆರಡರ ನಡುವೆ ಅತ್ಯಂತ ಉದ್ದದ ಬೋಗಿಯಷ್ಟಾದರೂ ನೇರ ಹಳಿಯಿರುವುದು ಉತ್ತಮ.

ಹಿಂದಿರುಗುವ ಕುಣಿಕೆ: ಹೊರಟ ದಾರಿಗೇ ರೈಲು ಎದುರು ದಿಕ್ಕಿನಲ್ಲಿ ಮರಳುವಂತೆ ಕುಣಿಕೆ ರಚಿಸಿದರೆ, ಎರಡು ಹಳಿಗಳಲ್ಲಿ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ಎಡ ಹಳಿಯು ಬಲ ಹಳಿಯನ್ನು ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಭಾಗವನ್ನು ವಿದ್ಯುತ್ತಿನಿಂದ ಪ್ರತ್ಯೇಕಿಸಿ, ಧ್ರುವ ಬದಲಿಸುವ ಏರ್ಪಾಡು ಮಾಡಬೇಕು. ನಡುವೆ ಮೂರನೆಯ ವಾಹಕವಿರುವ ಮಾರ್ಕ್ಲಿನ್ ಪದ್ಧತಿಯಲ್ಲಿ ಈ ತೊಡಕಿಲ್ಲ.

ಕೈಗೆಟಕುವ ದೂರ: ಸಾಮಾನ್ಯವಾಗಿ ಸುಮಾರು 75 ಸೆ.ಮೀ.ಗಿಂತ ಆಚೆ ಕೈಚಾಚಿ ಕೆಲಸ ಮಾಡುವುದು ಕಷ್ಟ. 4 ಅಡಿ ಅಗಲದ ಹಲಗೆಯನ್ನು ಗೋಡೆಗೆ ಒತ್ತಿ ಇರಿಸಿದರೆ ಆಚೆ ಬದಿಯಲ್ಲಿ ಹಳಿ ತಪ್ಪಿದ ರೈಲನ್ನು ಎತ್ತಲಾಗದು.

ಅಂತಿಮ ಪರೀಕ್ಷೆ

ನಕ್ಷೆಯನ್ನು ಪೂರ್ಣ ಗಾತ್ರದಲ್ಲಿ ಹಲವು ಹಾಳೆಗಳ ಮೇಲೆ ಮುದ್ರಿಸಿ ಅಂಟಿಸಬಹುದು. ಮುದ್ರಣದಲ್ಲಿ ಗಾತ್ರ ಬದಲಾಗಿಲ್ಲವೆಂದು ಅಳತೆಪಟ್ಟಿಯಿಂದ ಖಚಿತಪಡಿಸಿಕೊಂಡು, ಹಾಳೆಗಳನ್ನು ಹಲಗೆಯ ಮೇಲೆ ಹಾಸಬೇಕು. ಅವುಗಳ ಮೇಲೆ ಒಂದು ಪಾಯಿಂಟ್ ಮತ್ತು ಕೆಲವು ಹಳಿತುಂಡುಗಳನ್ನಿಟ್ಟು, ಅತ್ಯಂತ ಉದ್ದದ ಬೋಗಿಯನ್ನು ಕೈಯಿಂದ ತಳ್ಳಿ ನೋಡುವುದು ರೂಢಿ. ಉಳಿದ ಹಳಿಗಳನ್ನು ಕೊಳ್ಳುವುದಕ್ಕೂ ಮೊಳೆ ಹೊಡೆಯುವುದಕ್ಕೂ ಮುನ್ನ ಈ ಪರೀಕ್ಷೆ ನಡೆದರೆ ದೋಷವನ್ನು ನಕ್ಷೆಯಲ್ಲಿಯೇ ತಿದ್ದಿಕೊಳ್ಳಬಹುದು.