ಕಣ್ಣಿನ ಉರಿಯೂತದಿಂದ ಉಂಟಾಗುವ ಮ್ಯಾಕುಲಾ ಊತ: ಚಿಕಿತ್ಸೆಯ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ವಿವರಣೆ
ಅಕ್ಷಿಪಟಲದ ಮಧ್ಯಭಾಗವನ್ನು ಮ್ಯಾಕುಲಾ ಎನ್ನಲಾಗುತ್ತದೆ. ಓದುವುದು, ಮುಖ ಗುರುತಿಸುವುದು ಮುಂತಾದ ಸೂಕ್ಷ್ಮ ದೃಷ್ಟಿಯು ಈ ಭಾಗವನ್ನು ಅವಲಂಬಿಸಿರುತ್ತದೆ. ಕಣ್ಣಿನ ಒಳಭಾಗದ ಉರಿಯೂತ, ಅಂದರೆ ಯುವಿಯೈಟಿಸ್ ಉಂಟಾದಾಗ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ ಮ್ಯಾಕುಲಾ ಊದಿಕೊಳ್ಳಬಹುದು. ಊತವು ದೀರ್ಘಕಾಲ ಉಳಿದಲ್ಲಿ ದೃಷ್ಟಿಯು ಶಾಶ್ವತವಾಗಿ ಕುಂದುವ ಸಂಭವವಿರುತ್ತದೆ.

2. ಲಕ್ಷಣಗಳು
ನೋಟದ ಮಧ್ಯಭಾಗ ಮಸುಕಾಗುವುದು, ನೇರ ಗೆರೆಗಳು ಡೊಂಕಾಗಿ ಕಾಣುವುದು, ಬಣ್ಣಗಳು ಮಂಕಾಗುವುದು. ಕಣ್ಣು ಕೆಂಪಾಗದೆ, ನೋವಿಲ್ಲದೆಯೂ ಊತವಿರಬಹುದಾದ್ದರಿಂದ ನಿರ್ಲಕ್ಷಿಸತಕ್ಕದ್ದಲ್ಲ.

3. ತಪಾಸಣೆ
ಓ.ಸಿ.ಟಿ. ಸ್ಕ್ಯಾನ್ ಮೂಲಕ ಊತದ ದಪ್ಪವನ್ನು ಅಳೆಯಲಾಗುತ್ತದೆ. ಇದಕ್ಕೆ ಚುಚ್ಚುಮದ್ದಿನ ಅಗತ್ಯವಿರುವುದಿಲ್ಲ. ಚಿಕಿತ್ಸೆಗೆ ಮುನ್ನ ಕ್ಷಯ, ಸಿಫಿಲಿಸ್, ಟಾಕ್ಸೋಪ್ಲಾಸ್ಮಾ ಮುಂತಾದ ಸೋಂಕುಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಮುಖ್ಯ. ಸೋಂಕಿಗೆ ಔಷಧ ನೀಡದೆ ಸ್ಟೀರಾಯ್ಡ್ ಮಾತ್ರ ನೀಡಿದಲ್ಲಿ ಕಾಯಿಲೆ ಉಲ್ಬಣಿಸಬಹುದು.

4. ಚಿಕಿತ್ಸಾ ವಿಧಾನಗಳು
ಅ) ಕಣ್ಣಿನ ಸುತ್ತ ಅಥವಾ ಕಣ್ಣಿನೊಳಗೆ ಟ್ರಯಾಮ್ಸಿನೋಲೋನ್ ಚುಚ್ಚುಮದ್ದು.
ಆ) ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಡೆಕ್ಸಾಮೆಥಸೋನ್ ಇಂಪ್ಲಾಂಟ್.
ಇ) ಎರಡೂ ಕಣ್ಣುಗಳಲ್ಲಿ ಕಾಯಿಲೆಯಿದ್ದಲ್ಲಿ ಅಥವಾ ಅದು ದೇಹದ ಇತರ ಕಾಯಿಲೆಗೆ ಸಂಬಂಧಿಸಿದ್ದಲ್ಲಿ ಸ್ಟೀರಾಯ್ಡ್ ಮಾತ್ರೆಗಳು.
ಈ) ಕಾಯಿಲೆ ಮರುಕಳಿಸುತ್ತಿದ್ದಲ್ಲಿ ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್ ಅಥವಾ ಅಡಾಲಿಮುಮ್ಯಾಬ್.

2019ರಲ್ಲಿ ಪ್ರಕಟವಾದ, 192 ರೋಗಿಗಳನ್ನು ಒಳಗೊಂಡ ಪಾಯಿಂಟ್ ಅಧ್ಯಯನದಲ್ಲಿ ಎಂಟು ವಾರಗಳ ನಂತರ ಕಣ್ಣಿನೊಳಗಿನ ಎರಡೂ ಚಿಕಿತ್ಸೆಗಳು, ಕಣ್ಣಿನ ಸುತ್ತ ನೀಡಿದ ಚುಚ್ಚುಮದ್ದಿಗಿಂತ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂದಿತು. ಆದರೆ ಅವುಗಳಿಂದ ಕಣ್ಣಿನ ಒತ್ತಡ ಏರುವ ಸಂಭವ ತುಸು ಅಧಿಕವಾಗಿತ್ತು. ಆದ್ದರಿಂದ ಯಾವ ವಿಧಾನ ಸೂಕ್ತವೆಂಬುದನ್ನು ನೇತ್ರತಜ್ಞರೇ ನಿರ್ಧರಿಸತಕ್ಕದ್ದು.

5. ಎಚ್ಚರಿಕೆ
ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಹೆಚ್ಚಾಗಬಹುದು, ಪೊರೆ ಬೆಳೆಯಬಹುದು. ಮಾತ್ರೆಗಳಿಂದ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಏರಬಹುದು. ಹಲವು ವಾರ ಸೇವಿಸಿದ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ; ವೈದ್ಯರ ಸೂಚನೆಯಂತೆ ಹಂತ ಹಂತವಾಗಿ ಕಡಿಮೆ ಮಾಡತಕ್ಕದ್ದು. ಹಳೆಯ ಚೀಟಿಯ ಆಧಾರದಲ್ಲಿ ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಹನಿಗಳನ್ನು ಕೊಂಡು ಬಳಸಬಾರದು. ಚುಚ್ಚುಮದ್ದಿನ ನಂತರ ತೀವ್ರ ನೋವು, ಕೆಂಪು ಅಥವಾ ದೃಷ್ಟಿ ಇಳಿಕೆ ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.

6. ತಪಾಸಣೆಗೆ ಬರುವಾಗ ತರಬೇಕಾದವು
ಹಿಂದಿನ ಚಿಕಿತ್ಸಾ ಚೀಟಿಗಳು, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ವರದಿಗಳು, ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ. ಮಧುಮೇಹ, ಕ್ಷಯ, ಗ್ಲಾಕೋಮಾ ಅಥವಾ ಗರ್ಭಧಾರಣೆ ಇದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಊತ ಇಳಿದ ನಂತರವೂ ಅದು ಮರುಕಳಿಸಬಹುದಾದ್ದರಿಂದ, ನಿಗದಿಪಡಿಸಿದ ದಿನಾಂಕದಂದು ತಪ್ಪದೆ ಮರುತಪಾಸಣೆಗೆ ಹಾಜರಾಗಲು ಕೋರಲಾಗಿದೆ.