ಮಜ್ಜಿಗೆ, ಉಪ್ಪು ಮತ್ತು ರಕ್ತದೊತ್ತಡ

ಹಾಲು, ಮೊಸರು, ಮಜ್ಜಿಗೆಗಳು ರಕ್ತದ ಒತ್ತಡವನ್ನು ಏರಿಸುತ್ತವೆಯೋ ಇಳಿಸುತ್ತವೆಯೋ ಎಂಬುದು ವೈದ್ಯರು ಉತ್ತರಿಸಬೇಕಾದ ಪ್ರಶ್ನೆ. ನಾನು ವೈದ್ಯನಲ್ಲ, ಇತಿಹಾಸದ ವಿದ್ಯಾರ್ಥಿ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದರ ಒಂದು ತುದಿ ಪಶ್ಚಿಮ ದೇಶಗಳ ಪ್ರಯೋಗಶಾಲೆಗಳಲ್ಲಿದ್ದರೆ ಇನ್ನೊಂದು ತುದಿ ನಮ್ಮ ಬಳ್ಳಾರಿ ಸೀಮೆಯ ದನದ ಹಟ್ಟಿಗಳಲ್ಲಿದೆ. ಈ ಎರಡು ತುದಿಗಳನ್ನು ಕೂಡಿಸಿ ನೋಡುವ ಕೆಲಸ ಇತಿಹಾಸದವನದೇ ಎಂದು ಭಾವಿಸಿ ಮಾತಿಗೆ ತೊಡಗಿದ್ದೇನೆ.

ತಂಬ್ರಹಳ್ಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹೋಬಳಿ. 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಅದಕ್ಕೆ ಮೊದಲು ಬಳ್ಳಾರಿಯದಾಗಿತ್ತು. ತುಂಗಭದ್ರೆಯ ಹಿನ್ನೀರು ಬಹಳ ದೂರವೇನಿಲ್ಲ. ಆದರೂ ಸುತ್ತಲಿನ ಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದವು. ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ, ಇದು ಇಲ್ಲಿಯ ಊಟ. ಈ ಭಾಗದ ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: “ಬೀಪಿ ಐತಿ ಅಂದ್ರು ನೋಡ್ರಿ. ಅವತ್ತಿನಿಂದ ಹಾಲು, ಮೊಸರು, ಮಜ್ಜಿಗಿ ಎಲ್ಲಾ ಬಿಟ್ಟೀನಿ. ಈಗ ರೊಟ್ಟಿ ಜೋಡಿ ಉಪ್ಪಿನಕಾಯಿ, ಕೆಂಪು ಚಟ್ನಿ, ಅಷ್ಟ.” ಈ ಪಥ್ಯವನ್ನು ಯಾರಾದರೂ ಹೇಳಿಕೊಟ್ಟದ್ದೋ, ತಾನೇ ಹಬ್ಬಿದ್ದೋ ತಿಳಿಯದು. ಒಬ್ಬರ ಬಾಯಲ್ಲಲ್ಲ, ಅನೇಕರ ಬಾಯಲ್ಲಿ ಇದನ್ನು ಕೇಳಿದ್ದೇನೆ. ಬಿಟ್ಟದ್ದು ಯಾವುದು, ಇಟ್ಟುಕೊಂಡದ್ದು ಯಾವುದು ಎಂದು ಗಮನಿಸಿದರೆ ಇಲ್ಲಿ ಏನೋ ತಲೆಕೆಳಗಾಗಿದೆ ಎನಿಸದೆ ಇರದು.

ಈ ಸೀಮೆಯಲ್ಲಿ ಹಸುವಿನ ಇತಿಹಾಸ ಅರಸರ ಇತಿಹಾಸಕ್ಕಿಂತ ಬಹಳ ಹಿಂದಿನದು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ಹಂಪಿಯ ಸಮೀಪದ ನಿಂಬಾಪುರದಲ್ಲಿರುವ ದಿಬ್ಬವನ್ನು ಜನರು ವಾಲಿಯನ್ನು ಸುಟ್ಟ ಬೂದಿ ಎಂದು ತೋರಿಸುತ್ತಾರೆ. 19ನೆಯ ಶತಮಾನದಿಂದಲೂ ವಿದ್ವಾಂಸರನ್ನು ಕಾಡಿದ ಈ ದಿಬ್ಬಗಳ ಒಗಟನ್ನು ಬಹುಮಟ್ಟಿಗೆ ಬಿಡಿಸಿದವನು ಆಲ್ಚಿನ್. ಅವನು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಸಿಕ್ಕವು. ಇವು ನವಶಿಲಾಯುಗದ ಜನ ದನಗಳನ್ನು ಕೂಡಿಹಾಕಿದ ದೊಡ್ಡಿಗಳು. ಬೂದಿ ಅಲ್ಲಿಯ ಸಗಣಿ ಸುಟ್ಟದ್ದು. ಅಂದರೆ ಸುಮಾರು 4,500 ವರ್ಷಗಳ ಹಿಂದೆಯೇ ಈ ಒಣಭೂಮಿಯಲ್ಲಿ ಮನುಷ್ಯ ದನದ ಬೆನ್ನು ಹತ್ತಿ ಬದುಕುತ್ತಿದ್ದ. ವಾಲಿಯ ಕಥೆ ಚೆಲುವಾದದ್ದು, ನಿಜ. ಆದರೆ ಸಗಣಿಯ ಕಥೆಯೇ ನನಗೆ ಹೆಚ್ಚು ರೋಮಾಂಚಕಾರಿಯಾಗಿ ಕಂಡಿದೆ.

ಹಾಲು ಎಲ್ಲರಿಗೂ ಒಗ್ಗುವುದಿಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು, ಅಂದರೆ ಲ್ಯಾಕ್ಟೋಸನ್ನು, ಅರಗಿಸುವ ಶಕ್ತಿ ಜಗತ್ತಿನ ಬಹುಪಾಲು ಜನರಲ್ಲಿ ಬಾಲ್ಯ ಕಳೆದಂತೆ ಕುಂದುತ್ತದೆ. ಭಾರತದಲ್ಲಿ ಆ ಶಕ್ತಿಯನ್ನು ದೊಡ್ಡವರಾದ ಮೇಲೂ ಉಳಿಸಿಕೊಂಡವರ ಪ್ರಮಾಣ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಹಾಲಿಗೆ ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ತಾವೇ ತಿಂದು ಹುಳಿಯಾಗಿಸುತ್ತವೆ. ಬಿಸಿಲಿನ ನಾಡಿನಲ್ಲಿ ಹಾಲು ಕೆಡದಂತೆ ಉಳಿಸುವ ಉಪಾಯವೂ ಅದೇ. ದಕ್ಷಿಣದವರು ಹಾಲಿಗಿಂತ ಮೊಸರು ಮಜ್ಜಿಗೆಗಳನ್ನು ಹೆಚ್ಚು ನೆಚ್ಚಿದ್ದು ಬರಿಯ ರುಚಿಯ ಮಾತಲ್ಲ.

ಇನ್ನು ಬೆಣ್ಣೆಯ ವಿಚಾರ. ಮೊಸರನ್ನು ಕಡೆದರೆ ಎರಡು ವಸ್ತುಗಳು ದೊರೆಯುತ್ತವೆ. ಅವೆರಡರ ದಾರಿಗಳು ಬೇರೆಬೇರೆ. ಬೆಣ್ಣೆ ಕಾಯಿಸಿದರೆ ತುಪ್ಪವಾಗುತ್ತದೆ, ತಿಂಗಳುಗಟ್ಟಲೆ ಕೆಡದು, ಸಂತೆಗೆ, ಗುಡಿಯ ದೀಪಕ್ಕೆ, ಒಡೆಯನ ಉಗ್ರಾಣಕ್ಕೆ ಪ್ರಯಾಣ ಮಾಡಬಲ್ಲದು. ಮಜ್ಜಿಗೆ ಪ್ರಯಾಣ ಮಾಡಲಾರದು; ಅದು ಕಡೆದ ಮನೆಯಲ್ಲೇ, ಹೆಚ್ಚೆಂದರೆ ನೆರೆಮನೆಯಲ್ಲಿ ಮುಗಿಯಬೇಕು. ನಮ್ಮ ಸೀಮೆಯ ದಕ್ಷಿಣಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರು ತಮ್ಮ ದನಗಳ ಇಲಾಖೆಗೆ ಇಟ್ಟ ಹೆಸರೇ ‘ಬೆಣ್ಣೆ ಚಾವಡಿ’. ಹೈದರನ ಕಾಲಕ್ಕೆ ಅದೇ ದನಗಳು ಫಿರಂಗಿ ಎಳೆದವು. ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂಬ ಹೆಸರು ಕೊಟ್ಟ. ಇಲಾಖೆಯ ಹೆಸರಿನಲ್ಲಿ ಬೆಣ್ಣೆಯಿದೆ, ಅಮೃತವಿದೆ, ಮಜ್ಜಿಗೆಯ ಸುಳಿವಿಲ್ಲ. ಇರುವುದೂ ಬೇಕಾಗಿಲ್ಲ: ಯಾವ ಅರಸನೂ ಮಜ್ಜಿಗೆಗೆ ಕೈಚಾಚಲಿಲ್ಲ. ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, ಮಂಗರಸನ ‘ಸೂಪಶಾಸ್ತ್ರ’ದಲ್ಲಿ ನಮ್ಮವರು ಅಡುಗೆಯನ್ನು ಶಾಸ್ತ್ರವಾಗಿಸಿದ್ದಾರೆ. ಆದರೆ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು ಉಣ್ಣಲು ಯಾವ ಶಾಸ್ತ್ರವೂ ಬೇಕಾಗಿಲ್ಲ. ಬೇಡಲು ಬಂದವರಿಗೆ ಮಜ್ಜಿಗೆಯನ್ನು ಇಲ್ಲವೆನ್ನಬಾರದು, ಮಾರಬಾರದು ಎಂಬ ನಡೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಮಜ್ಜಿಗೆಗೆ ಬಂದವನು ಎಮ್ಮೆಯ ಕ್ರಯ ಕೇಳಿದನೆಂಬ ಗಾದೆಯ ಹಿಂದೆಯೂ ಇದೇ ವ್ಯವಹಾರವಿದೆ. ಕೊಬ್ಬು ಊರು ಬಿಟ್ಟು ಹೋಯಿತು. ಸುಣ್ಣಾಂಶ, ಪೊಟ್ಯಾಸಿಯಂ, ಸಸಾರಜನಕಗಳು ಬಡವನ ಬಟ್ಟಲಲ್ಲಿ ಉಳಿದವು. ಅವುಗಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಇದನ್ನು ಹೇಳುವಾಗ ಹಳೆಯ ಕಾಲವನ್ನು ಹಾಡಿ ಹೊಗಳುವುದು ನನ್ನ ಇಷ್ಟವಲ್ಲ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ದನವೇ ಇಲ್ಲದ ಮೇಲೆ ಮಜ್ಜಿಗೆಯೆಲ್ಲಿ?

ಮಜ್ಜಿಗೆಯ ಜೊತೆಗೆ ಉಪ್ಪಿನ ಕಥೆಯನ್ನು ಹೇಳಲೇಬೇಕು. ಏಕೆಂದರೆ ನಮ್ಮ ಲೋಟದಲ್ಲಿ ಎರಡೂ ಕೂಡಿಯೇ ಬರುತ್ತವೆ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿಯೂ ಸೇರಿತ್ತು. ಸಮುದ್ರ ಇಲ್ಲಿಂದ ದೂರ. ಆದ್ದರಿಂದ ಉಪ್ಪಾರರು ಸವಳು ಮಣ್ಣನ್ನು ಗುಡ್ಡೆಹಾಕಿ, ನೀರೆರೆದು, ಬಸಿದ ನೀರನ್ನು ಮಡಿಗಳಲ್ಲಿ ಬಿಸಿಲಿಗೆ ಒಣಗಿಸಿ ಮಣ್ಣುಪ್ಪನ್ನು ತೆಗೆಯುತ್ತಿದ್ದರು. ಸರ್ಕಾರಕ್ಕೆ ಕಡಲುಪ್ಪಿನ ತೆರಿಗೆ ಬೇಕಾಗಿತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಮಣ್ಣುಪ್ಪಿನ ಉದ್ಯೋಗವನ್ನು ಅದು ಅಡಗಿಸಿಬಿಟ್ಟಿತು. ಒಂದು ಜನವರ್ಗದ ಕಸುಬೇ ಹೋಯಿತು. ಹೆಸರು ಮಾತ್ರ ಉಳಿಯಿತು. ಹೀಗೆ ಉಪ್ಪು ಕೊಂಡು ತರಬೇಕಾದ, ತೆರಿಗೆ ಹೊತ್ತ ವಸ್ತುವಾಯಿತು. ಆ ತೆರಿಗೆ ರದ್ದಾದದ್ದು 1947ರಲ್ಲಿ. ಉಪ್ಪಿನ ತೆರಿಗೆಯ ಅನ್ಯಾಯವನ್ನು ನಾನು ಎಳ್ಳಷ್ಟೂ ಸಮರ್ಥಿಸಲಾರೆ. ಬಿಸಿಲಿನಲ್ಲಿ ದುಡಿಯುವವನಿಗೆ ಉಪ್ಪು ಬೇಕು. ಆದರೆ ದುಡಿಮೆಯ ಬೆವರು ಕಡಿಮೆಯಾಗಿ ಉಪ್ಪು ಅಗ್ಗವಾದ ಕಾಲಕ್ಕೆ ನಮ್ಮ ನಾಲಗೆ ಹೊಂದಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ಒಂದು ಚಹಾ ಚಮಚದೊಳಗೆ ಅದು ಮುಗಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ, ಇಷ್ಟು ಎಲೆಯ ಮೇಲಿದ್ದರೆ ಆ ಚಮಚ ಮಧ್ಯಾಹ್ನಕ್ಕೇ ತುಂಬಿರುತ್ತದೆ.

ಇನ್ನು ಒತ್ತಡದ ಕಥೆ. ರಕ್ತಕ್ಕೆ ಒತ್ತಡವಿದೆಯೆಂದು ಅಳೆದು ತೋರಿಸಿದವನು ವೈದ್ಯನಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ. ಒಂದು ಹೆಣ್ಣುಕುದುರೆಯ ಧಮನಿಗೆ ಗಾಜಿನ ನಳಿಗೆ ಜೋಡಿಸಿ, ರಕ್ತ 8 ಅಡಿಗೂ ಮೇಲಕ್ಕೆ ಏರಿದ್ದನ್ನು ಅವನು 1733ರಲ್ಲಿ ಪ್ರಕಟಿಸಿದ. ಕುದುರೆಯ ಗತಿ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಪಾದರಸದಿಂದ ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೊಚ್ಚಿ 1896ರಲ್ಲಿ ರೂಪಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಸ್ಟೆಥಾಸ್ಕೋಪಿನಿಂದ ಕೇಳಿ ಎರಡು ಅಂಕಗಳನ್ನು ಗುರುತಿಸುವ ರೀತಿಯನ್ನು ತೋರಿಸಿದ. ಅಳತೆ ಬಂತು, ಮದ್ದು ಬರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲಿನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಒತ್ತಡ 300ಕ್ಕೆ ಏರಿತ್ತು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲರು ನಮ್ಮ ಸರ್ಪಗಂಧಿಯ ಬೇರಿನ ಗುಣವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ಭಾರತದ ಕಡೆ ನೋಡಿತು. ಮುಂದೆ ಬ್ರೆಜಿಲಿನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ಹುಟ್ಟಿತು. ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು ದೇಹದಲ್ಲಿ ತಯಾರಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ.

ಹಾವಿಗೆ ಹಾಲೆರೆಯುವ ನಾಡಿನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಹುದುಗಿಸಿದ ಹಾಲಿನಲ್ಲಿ ಎರಡು ಪುಟ್ಟ ಪೆಪ್ಟೈಡುಗಳನ್ನು ಕಂಡುಹಿಡಿದರು. ಹಾಲಿನ ಸಸಾರಜನಕವನ್ನು ಸೂಕ್ಷ್ಮಜೀವಿಗಳು ಒಡೆದಾಗ ಹುಟ್ಟುವ ಈ ತುಣುಕುಗಳು ಅದೇ ಕಿಣ್ವವನ್ನು ತಡೆಯುತ್ತವೆ. ವಿಷ ಮಾಡಿದ್ದನ್ನೇ ಮೊಸರು ಮೆಲ್ಲಗೆ ಮಾಡುತ್ತದೆ ಎಂದು ಹಿಗ್ಗುವ ಮುನ್ನ ಒಂದು ಮಾತು: ಮನುಷ್ಯರಲ್ಲಿ ಇದರ ಪರಿಣಾಮ ಅಲ್ಪ, ಎಲ್ಲ ಪ್ರಯೋಗಗಳಲ್ಲೂ ಕಂಡದ್ದೂ ಅಲ್ಲ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ಈ ವಾದವನ್ನು ಒಪ್ಪಲಿಲ್ಲ. ಎಲ್ಲ ಮೊಸರಿನಲ್ಲೂ ಈ ತುಣುಕುಗಳು ಒಂದೇ ಪ್ರಮಾಣದಲ್ಲಿರುವುದೂ ಇಲ್ಲ.

ಗಟ್ಟಿಯಾದ ಸಾಕ್ಷ್ಯ ಬಂದದ್ದು ಬೇರೆ ಕಡೆಯಿಂದ. 1984ರಲ್ಲಿ ಮೆಕ್ಯಾರನ್ ಎಂಬಾತ ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಜನರ ಆಹಾರದ ಲೆಕ್ಕ ತೆಗೆದು, ಒತ್ತಡ ಹೆಚ್ಚಿದವರು ಸುಣ್ಣಾಂಶವನ್ನು ಕಡಿಮೆ ತಿನ್ನುತ್ತಾರೆಂದು ವಾದಿಸಿದಾಗ ದೊಡ್ಡ ಗದ್ದಲವಾಯಿತು. 1997ರಲ್ಲಿ ‘ಡ್ಯಾಶ್’ ಎಂಬ ಪ್ರಯೋಗದ ಫಲ ಹೊರಬಿತ್ತು. 459 ಜನರನ್ನು ಮೂರು ಗುಂಪು ಮಾಡಿ 8 ವಾರ ಊಟವಿಟ್ಟರು. ಒಂದು ಗುಂಪಿಗೆ ಅಮೆರಿಕದವರ ಮಾಮೂಲು ಊಟ. ಎರಡನೆಯದಕ್ಕೆ ಹಣ್ಣು ತರಕಾರಿ ಹೆಚ್ಚು. ಮೂರನೆಯದಕ್ಕೆ ಹಣ್ಣು ತರಕಾರಿಯ ಜೊತೆಗೆ ಕೊಬ್ಬು ಕಡಿಮೆ ಮಾಡಿದ ಹಾಲು ಮೊಸರು. ಉಪ್ಪು ಮೂವರಿಗೂ ಹೆಚ್ಚುಕಡಿಮೆ ಸಮ. ಮಾಮೂಲು ಊಟಕ್ಕೆ ಹೋಲಿಸಿದರೆ ಎರಡನೆಯ ಗುಂಪಿನಲ್ಲಿ ಮೇಲಿನ ಅಂಕ 2.8ರಷ್ಟು ಇಳಿಯಿತು, ಮೂರನೆಯದರಲ್ಲಿ 5.5ರಷ್ಟು. ಮೊದಲೇ ಒತ್ತಡವಿದ್ದವರಲ್ಲಿ ಈ ಮೂರನೆಯ ಊಟದ ಇಳಿತ 11.4. ಮಾತ್ರೆಯೊಂದರಿಂದ ನಿರೀಕ್ಷಿಸುವಷ್ಟು ಇಳಿತ ಇದು. ಇಡೀ ಶ್ರೇಯಸ್ಸು ಹಾಲಿನದೇ ಎಂದು ಹೇಳುವಂತಿಲ್ಲ, ಆ ಊಟದಲ್ಲಿ ಬೇರೆ ಬದಲಾವಣೆಗಳೂ ಇದ್ದವು. ಹಾಲು ಮೊಸರು ಒತ್ತಡ ಏರಿಸುತ್ತವೆ ಎಂಬ ಭಯಕ್ಕಂತೂ ಅಲ್ಲಿ ಆಧಾರವಿರಲಿಲ್ಲ. 2001ರಲ್ಲಿ ಇದೇ ಊಟದೊಡನೆ ಉಪ್ಪನ್ನೂ ಇಳಿಸಿ ನೋಡಿದರು. ಪ್ರತಿ ಹೆಜ್ಜೆಗೂ ಒತ್ತಡ ಇನ್ನಷ್ಟು ಇಳಿಯಿತು.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡ, 21 ದೇಶಗಳ ‘ಪ್ಯೂರ್’ ಅಧ್ಯಯನದ ಒಂದು ವರದಿ 2020ರಲ್ಲಿ ಬಂತು. ದಿನಕ್ಕೆ ಎರಡು ಬಾರಿಯಾದರೂ ಹಾಲಿನ ಪದಾರ್ಥ ಸೇವಿಸುವವರಲ್ಲಿ ಹೊಸದಾಗಿ ರಕ್ತದೊತ್ತಡ ಬರುವ ಸಂಭವ ಸುಮಾರು ಶೇಕಡಾ 11ರಷ್ಟು ಕಡಿಮೆಯೆಂದು ಅದು ಹೇಳಿತು. ಹಾಲು ಕೊಳ್ಳಬಲ್ಲವನು ಬೇರೆ ಅನುಕೂಲಗಳನ್ನೂ ಪಡೆದವನಾಗಿರಬಹುದು. ಇಂಥ ಎಣಿಕೆಗಳನ್ನು ಆ ಎಚ್ಚರದಿಂದಲೇ ಓದಬೇಕು. ಕೆನೆ ತೆಗೆದರೆ ಮಾತ್ರ ಗುಣವೆಂಬುದೂ ಈಗ ಅಷ್ಟು ನಿಶ್ಚಿತವಲ್ಲ. 2016ರಲ್ಲಿ ಕ್ಯಾಲಿಫೋರ್ನಿಯದಲ್ಲಿ 36 ಜನರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಕೆನೆಹಾಲಿನ ಪದಾರ್ಥಗಳಿದ್ದ ಡ್ಯಾಶ್ ಊಟವೂ ಒತ್ತಡವನ್ನು ಅಷ್ಟೇ ಇಳಿಸಿತು. ತುಪ್ಪದ ಲೆಕ್ಕ ಕೊಲೆಸ್ಟರಾಲಿನ ಖಾತೆಯಲ್ಲಿ ಬೇರೆಯಾಗಿ ಇದ್ದೇ ಇದೆ.

ಈಗ ಹಳ್ಳಿಯ ಬಟ್ಟಲಿಗೆ ಬರೋಣ. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಹುಟ್ಟಿತು; 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಊರೂರಿಗೆ ಹಾಲಿನ ಸಂಘ ಬಂದು ಹೆಂಗಸರ ಕೈಗೆ ಕಾಸು ಕೊಟ್ಟಿತು. ಅದು ಸಾಮಾನ್ಯ ಉಪಕಾರವಲ್ಲ. ಆದರೆ ಬೆಣ್ಣೆ ಚಾವಡಿ ಬೆಣ್ಣೆಯನ್ನಷ್ಟೇ ಒಯ್ಯುತ್ತಿತ್ತು. ಡೈರಿ ಕ್ಯಾನು ಹಾಲನ್ನೇ ಒಯ್ಯುತ್ತದೆ. ಅಲ್ಲಿಯೂ ಬೆಲೆ ನಿರ್ಧರಿಸುವಾಗ ಮೊದಲು ಅಳೆಯುವುದು ಕೊಬ್ಬನ್ನೇ. ಕರೆದದ್ದೆಲ್ಲ ಕ್ಯಾನಿಗೆ ಹೋದ ಮನೆಯಲ್ಲಿ ಕಡಗೋಲು ಮೂಲೆ ಸೇರುತ್ತದೆ, ಅದರೊಡನೆ ನೆರೆಮನೆಯ ಪುಕ್ಕಟೆ ಮಜ್ಜಿಗೆಯೂ ನಿಲ್ಲುತ್ತದೆ. ಆಮೇಲೆ ಅದು ಅಂಗಡಿಯ ಪೊಟ್ಟಣದಲ್ಲಿ, ಮಸಾಲೆ ಉಪ್ಪುಗಳೊಡನೆ, ಬೆಲೆ ಹಚ್ಚಿಸಿಕೊಂಡು ಮರಳಿ ಬರುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 21 ಮಂದಿಗೆ ಒತ್ತಡ ಹೆಚ್ಚಿದೆ ಅಥವಾ ಅದಕ್ಕಾಗಿ ಮಾತ್ರೆ ನಡೆದಿದೆ. ಹಿಂದೆ ಹೇಳಿದ ಹಿರಿಯರು ಈ ಲೆಕ್ಕದೊಳಗಿನವರು. ಅವರ ತಟ್ಟೆಯಿಂದ ಹೊರಗೆ ಹೋಗಬೇಕಾದದ್ದು ಉಪ್ಪಿನಕಾಯಿ. ಒಳಗೆ ಬರಬೇಕಾದದ್ದು ಜೀರಿಗೆ, ಶುಂಠಿ, ಕೊತ್ತಂಬರಿ ಅರೆದು ಹಾಕಿದ, ಉಪ್ಪು ಹಾಕದ ಮಜ್ಜಿಗೆ. ಮಾತ್ರೆಯನ್ನು ಮಜ್ಜಿಗೆಗಾಗಿ ಬಿಡತಕ್ಕದ್ದಲ್ಲ. ಮೂತ್ರಪಿಂಡ ಸೋತವರಿಗೆ ಹಾಲು ಮೊಸರಿನ ಪೊಟ್ಯಾಸಿಯಂ, ರಂಜಕಗಳೇ ಭಾರವಾಗಬಹುದಾದ್ದರಿಂದ ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಪ್ಪಿಲ್ಲದ ಮಜ್ಜಿಗೆ ಮೊದಲ ಕೆಲವು ದಿನ ಸಪ್ಪೆಯೆನಿಸುತ್ತದೆ. ನಾಲಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಡೈರಿಗೆ ಹಾಕುವ ಮುನ್ನ ಹೆಪ್ಪಿಗೆಂದು ಒಂದು ಪಾವು ಹಾಲನ್ನು ಹಿಂದಿಟ್ಟುಕೊಳ್ಳುವ ಮನೆಗಳು ಈ ಸೀಮೆಯಲ್ಲಿ ಇನ್ನೂ ಇವೆ.