ಮೆಸೊಪೊಟೇಮಿಯದ ದೇವತೆಗಳೂ ಕ್ರೈಸ್ತರ ದೇವದೂತರೂ: ಗಗನಯಾತ್ರಿವಾದದ ಪರೀಕ್ಷೆ

ಪ್ರಾಚೀನರ ದೇವತಾವಿಷಯಕವಾದ ಗ್ರಂಥಗಳಿಗೆ ಅರ್ಥವನ್ನು ಹೇಳುವ ಮಾರ್ಗಗಳು ಅನೇಕವಾಗಿರುವುವು. ದೇವತೆಗಳು ನಿಸರ್ಗಶಕ್ತಿಗಳೆಂದು ಕೆಲವರೂ, ಪೂರ್ವಕಾಲದ ರಾಜರೆಂದು ಕೆಲವರೂ, ಅಧ್ಯಾತ್ಮತತ್ತ್ವಗಳ ಸಂಕೇತಗಳೆಂದು ಮತ್ತೆ ಕೆಲವರೂ ವ್ಯಾಖ್ಯಾನಿಸಿರುವರು. ಯಾಸ್ಕಾಚಾರ್ಯರು ವೃತ್ರನೆಂದರೆ ಯಾರೆಂಬ ಪ್ರಶ್ನೆಯನ್ನೆತ್ತಿ, ಮೇಘವೆಂಬ ನೈರುಕ್ತರ ಮತವನ್ನೂ ಅಸುರನೆಂಬ ಐತಿಹಾಸಿಕರ ಮತವನ್ನೂ ಬೇರೆ ಬೇರೆಯಾಗಿ ನಿರೂಪಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪಕ್ಷಗಳ ಸಾಲಿಗೆ ಮತ್ತೊಂದು ಪಕ್ಷವು ಸೇರಿತು. ದೇವತೆಗಳೂ ದೇವದೂತರೂ ಅನ್ಯಗ್ರಹಗಳಿಂದ ಯಂತ್ರಗಳನ್ನೇರಿ ಬಂದ ಪ್ರಾಣಿಗಳೆಂಬುದೇ ಆ ಪಕ್ಷ. ಇದಕ್ಕೆ ಗಗನಯಾತ್ರಿವಾದವೆಂದು ಹೆಸರಿಡಬಹುದು. ಇದು ಲೋಕದಲ್ಲಿ ಬಹುವಾಗಿ ಹರಡಿರುವುದರಿಂದಲೂ, ಶಾಲಾಕಾಲೇಜುಗಳ ವಿದ್ಯಾರ್ಥಿಗಳು ಇದನ್ನೇ ಇತಿಹಾಸವೆಂದು ಭಾವಿಸುವ ಸಂಭವವಿರುವುದರಿಂದಲೂ, ಶಬ್ದಾರ್ಥನಿರ್ಣಯದ ಕ್ರಮವನ್ನನುಸರಿಸಿ ಇದನ್ನು ಪರೀಕ್ಷಿಸುವುದು ಉಚಿತವಾಗಿದೆ.

1. ಪೂರ್ವಪಕ್ಷ

ಈ ಮತದ ಬೀಜವು ಅಮೆರಿಕದ ಚಾರ್ಲ್ಸ್ ಫೋರ್ಟರು 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಕಂಡುಬರುವುದು. 1966ರಲ್ಲಿ ಶ್ಕ್ಲೋವ್‌ಸ್ಕಿ ಮತ್ತು ಕಾರ್ಲ್ ಸೇಗನ್ ಎಂಬ ಖಗೋಳವಿದ್ವಾಂಸರು ಬಾಬಿಲೋನಿಯದ ಓವನ್ನೀಸನ ಕಥೆಯು ವಿಚಾರಾರ್ಹವೆಂದು ಬಹಳ ಎಚ್ಚರಿಕೆಯಿಂದ ಸೂಚಿಸಿದರು. ಆ ಎಚ್ಚರಿಕೆಯು ಅವರ ತರುವಾಯ ಉಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಎರಿಕ್ ಫಾನ್ ಡೇನಿಕನ್ನರ ಗ್ರಂಥವು 1968ರಲ್ಲಿ ಹೊರಬಂದು ಲಕ್ಷಾಂತರ ವಾಚಕರನ್ನು ಪಡೆಯಿತು. ಅಮೆರಿಕದ ವ್ಯೋಮಸಂಸ್ಥೆಯಾದ ನಾಸಾದಲ್ಲಿ ಎಂಜಿನಿಯರಾಗಿದ್ದ ಯೋಸೆಫ್ ಬ್ಲೂಮ್‌ರಿಖ್ಖರು 1973ರಲ್ಲಿ, ಯೆಹೆಜ್ಕೇಲ ಪ್ರವಾದಿಯು ಕಂಡುದು ವ್ಯೋಮನೌಕೆಯೇ ಎಂದು ನಕ್ಷೆಗಳ ಸಹಿತವಾಗಿ ಪ್ರತಿಪಾದಿಸಿದರು. 1976ರಲ್ಲಿ ಜೆಕರಾಯ ಸಿಚಿನ್ನರು ಹನ್ನೆರಡನೆಯ ಗ್ರಹವೆಂಬ ಗ್ರಂಥವನ್ನು ಹೊರಡಿಸಿ, 3600 ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುವ ನಿಬಿರು ಎಂಬ ಗ್ರಹದಿಂದ ಅನುನ್ನಾಕಿಗಳೆಂಬವರು ಚಿನ್ನವನ್ನು ಅಗೆಯಲು ಭೂಮಿಗೆ ಬಂದರೆಂದೂ, ತಮ್ಮ ದುಡಿಮೆಗಾಗಿ ಮನುಷ್ಯನನ್ನು ನಿರ್ಮಿಸಿದರೆಂದೂ, ಬೈಬಲ್ಲಿನ ನೆಫೀಲಿಮರು ಇವರೇ ಎಂದೂ ಹೇಳಿದರು. ತಾವು ಮೂಲಭಾಷೆಗಳನ್ನೇ ಓದಿ ಹೇಳುತ್ತಿರುವೆವೆಂದು ಸಿಚಿನ್ನರು ಸಾಧಿಸಿದುದರಿಂದ ಅವರ ವಾದವನ್ನು ಭಾಷೆಯ ನೆಲದ ಮೇಲೆಯೇ ಪರೀಕ್ಷಿಸತಕ್ಕುದು.

2. ಶಬ್ದವಿಚಾರ

ಮೊದಲು ಪ್ರಮಾಣದ ಸ್ಥಿತಿಯನ್ನು ಹೇಳುವೆವು. ಬೆಣೆಲಿಪಿಯನ್ನು ಓದುವ ವಿದ್ಯೆಯು ಊಹೆಯಿಂದ ನಿಂತುದಲ್ಲ. 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯು ಅಸ್ಸೀರಿಯದ ರಾಜನಾದ ಒಂದನೆಯ ತಿಗ್ಲತ್‌ಪಿಲೇಸರನ ಶಾಸನವೊಂದನ್ನು ರಾಲಿನ್ಸನ್, ಹಿಂಕ್ಸ್, ಟಾಲ್ಬಟ್, ಓಪೆರ್ಟ್ ಎಂಬ ನಾಲ್ವರ ಪರೀಕ್ಷೆಗೆ ಒಡ್ಡಿತು. ನಾಲ್ವರೂ ಪ್ರತ್ಯೇಕವಾಗಿ ಅನುವಾದಿಸಿ ಮುದ್ರೆಯೊತ್ತಿ ಕಳುಹಿಸಿದ ಪ್ರತಿಗಳನ್ನು ಒಡೆದು ನೋಡಲಾಗಿ, ಮುಖ್ಯಾರ್ಥದಲ್ಲಿ ಅವು ಒಂದಕ್ಕೊಂದು ಹೊಂದಿದ್ದುವು. ಮೇಲಾಗಿ ಆ ದೇಶದ ಲಿಪಿಕಾರರೇ ಸುಮೇರಿಯನ್ ಶಬ್ದಗಳಿಗೆ ಅಕ್ಕಾಡಿಯನ್ ಅರ್ಥವನ್ನು ಕೊಟ್ಟು ಕೋಶಗಳನ್ನು ರಚಿಸಿಟ್ಟಿದ್ದಾರೆ. ಅವುಗಳಲ್ಲಿ ಒಂದು 24 ಫಲಕಗಳಷ್ಟು ದೊಡ್ಡದು. ನಮಗೆ ಅಮರಕೋಶವು ಹೇಗೋ ಅವರಿಗೆ ಇವು ಹಾಗೆ. ಷಿಕಾಗೋ ನಗರದಲ್ಲಿ 1921ರಲ್ಲಿ ಆರಂಭವಾದ ಅಕ್ಕಾಡಿಯನ್ ಮಹಾನಿಘಂಟು 2011ರಲ್ಲಿ ಪೂರ್ಣವಾಯಿತು. ಇಷ್ಟು ಸಾಮಗ್ರಿಯಿರುವಲ್ಲಿ ಶಬ್ದಕ್ಕೆ ಸ್ವೇಚ್ಛೆಯಾಗಿ ಅರ್ಥವನ್ನು ಕಲ್ಪಿಸುವುದಕ್ಕೆ ಅವಕಾಶವಿಲ್ಲ.

ಸಿಚಿನ್ನರು ಅನುನ್ನಾಕಿ ಎಂಬುದನ್ನು ಒಡೆದು, ಆಕಾಶದಿಂದ ಭೂಮಿಗೆ ಬಂದವರೆಂದು ಅರ್ಥಮಾಡಿದರು. ಸುಮೇರಿಯನ್ ಕಾವ್ಯಗಳಲ್ಲಿ ಸಾಮಾನ್ಯವಾದ ರೂಪವು ಅನುನ್ನ ಎಂಬುದು. ಭೂಮಿವಾಚಕವಾದ ಕಿ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ನುನ್ ಎಂದರೆ ಪ್ರಭು. ಒಟ್ಟು ಪದಕ್ಕೆ ಪ್ರಭುಸಂತಾನವೆಂದು ಅರ್ಥ. ಪ್ರಯೋಗವನ್ನು ನೋಡಿದರೂ ಇನನ್ನ ದೇವಿಯ ಪಾತಾಳಗಮನದ ಕಥೆಯಲ್ಲಿ ಅನುನ್ನರು ಪಾತಾಳದ ಏಳು ಮಂದಿ ನ್ಯಾಯಾಧೀಶರಾಗಿರುವರು. ಇಳಿದುಬಂದವರೆಂಬ ಯೋಗಾರ್ಥವನ್ನು ಕಟ್ಟಿದರೆ ಪಾತಾಳದಲ್ಲಿರುವ ಈ ನ್ಯಾಯಾಧೀಶರ ಗತಿಯೇನು?

ಶೆಮ್ ಎಂಬ ಹೀಬ್ರೂ ಪದಕ್ಕೂ ಅದರ ಸಜಾತೀಯವಾದ ಶುಮು ಎಂಬ ಅಕ್ಕಾಡಿಯನ್ ಪದಕ್ಕೂ ನಾಮವೆಂದು ಅರ್ಥ. ಲಕ್ಷಣೆಯಿಂದ ಕೀರ್ತಿಯೆಂದೂ ಆಗುವುದು. ನಮ್ಮಲ್ಲಿ ಹೆಸರುವಾಸಿ ಎಂಬಂತೆಯೇ ಇದು. ಸಿಚಿನ್ನರು ಇದನ್ನು ಆಕಾಶಕ್ಕೆ ಹಾರುವ ಯಂತ್ರವೆಂದು ಅರ್ಥಮಾಡಿ, ಬಾಬೆಲಿನ ಗೋಪುರವನ್ನು ಕಟ್ಟಿದವರು ಮಾಡಿಕೊಳ್ಳಬಯಸಿದುದು ಅದನ್ನೇ ಎಂದರು. ಆದಿಕಾಂಡದ 11ನೆಯ ಅಧ್ಯಾಯದಲ್ಲಿರುವ ಇದೇ ಪದವು 12ನೆಯ ಅಧ್ಯಾಯದಲ್ಲಿಯೂ ಬಂದಿದೆ. ಅಲ್ಲಿ ದೇವರು ಅಬ್ರಾಮನ ಶೆಮ್ಮನ್ನು ದೊಡ್ಡದು ಮಾಡುವೆನೆಂದು ವಾಗ್ದಾನಮಾಡುವನು. ಯಂತ್ರವನ್ನು ದೊಡ್ಡದು ಮಾಡುವೆನೆಂದು ಅಲ್ಲಿ ಅರ್ಥ ಹೇಳಲಾದೀತೆ? ಒಂದೇ ಗ್ರಂಥದಲ್ಲಿ ನೆರೆನೆರೆಯ ಪ್ರಕರಣಗಳಲ್ಲಿ ಹೊಂದದ ಅರ್ಥವು ಗ್ರಾಹ್ಯವಲ್ಲ.

ನೆಫೀಲಿಮ್ ಎಂಬುದನ್ನು ಬೀಳುವುದೆಂಬ ಅರ್ಥವುಳ್ಳ ಧಾತುವಿನಿಂದ ಸಾಧಿಸುವುದುಂಟು. ಇಳಿಯುವುದಕ್ಕೆ ಹೀಬ್ರೂವಿನಲ್ಲಿ ಬೇರೆ ಧಾತುವಿದೆ. ಪ್ರಾಚೀನ ಗ್ರೀಕ್ ಅನುವಾದಕರು ಇದಕ್ಕೆ ದೈತ್ಯರೆಂಬ ಪದವನ್ನೇ ಬಳಸಿದರು. ಅರಣ್ಯಕಾಂಡದಲ್ಲಿಯೂ ಗೂಢಚಾರರು ನೆಫೀಲಿಮರ ಮುಂದೆ ತಾವು ಮಿಡತೆಗಳಂತೆ ತೋರಿದೆವೆಂದು ಹೇಳುವುದರಿಂದ ಈ ಅರ್ಥವೇ ದೃಢವಾಗುವುದು. ನಿಬಿರುವಾದರೋ ದಾಟುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದುದು. ಎನೂಮ ಎಲಿಷ್ ಕಾವ್ಯದಲ್ಲಿ ಅದು ಮರ್ದುಕದೇವನ ನಕ್ಷತ್ರ; ಜ್ಯೋತಿಷಗ್ರಂಥಗಳಲ್ಲಿ ಪ್ರಾಯಶಃ ಗುರುಗ್ರಹ. ರೂಢಿಯು ಸ್ಪಷ್ಟವಾಗಿರುವಲ್ಲಿ ಯೋಗಾರ್ಥವು ದುರ್ಬಲವೆಂಬುದು ಮೀಮಾಂಸಕರ ಮರ್ಯಾದೆ. ಇಲ್ಲಿ ಯೋಗಾರ್ಥವಾದರೂ ವ್ಯಾಕರಣಕ್ಕೆ ಒಪ್ಪುವುದಿಲ್ಲ.

3. ತಾತ್ಪರ್ಯವಿಚಾರ

ಮನುಷ್ಯಸೃಷ್ಟಿಯ ಕಥೆಯು ಅತ್ರಹಾಸಿಸ್ ಎಂಬ ಅಕ್ಕಾಡಿಯನ್ ಕಾವ್ಯದಲ್ಲಿದೆ. ಕ್ರಿ. ಪೂ. 17ನೆಯ ಶತಮಾನದಲ್ಲಿ ಬರೆದ ಅದರ ಪ್ರತಿಯು ದೊರೆತಿದೆ. ಲ್ಯಾಂಬರ್ಟ್ ಮತ್ತು ಮಿಲ್ಲರ್ಡ್ ಎಂಬ ವಿದ್ವಾಂಸರು 1969ರಲ್ಲಿ ಅದನ್ನು ಸಂಶೋಧಿಸಿ ಪ್ರಕಟಿಸಿದರು. ಕಿರಿಯ ದೇವತೆಗಳಾದ ಇಗಿಗಿಗಳು ಅಲ್ಲಿ ಬಹುಕಾಲ ದುಡಿದು ದಣಿದು ದಂಗೆಯೇಳುವರು. ಆಗ ಒಬ್ಬ ದೇವನನ್ನು ವಧಿಸಿ ಅವನ ರಕ್ತಮಾಂಸಗಳನ್ನು ಜೇಡಿಮಣ್ಣಿನೊಡನೆ ಕಲಸಿ ಮನುಷ್ಯನನ್ನು ಮಾಡುವರು. ಇಗಿಗಿಗಳು ಅಗೆದುದು ಏನನ್ನು? ಚಿನ್ನದ ಗಣಿಯನ್ನಲ್ಲ, ಟೈಗ್ರಿಸ್ ಯೂಫ್ರೆಟೀಸ್ ನದಿಗಳ ಪಾತ್ರಗಳನ್ನೂ ಕಾಲುವೆಗಳನ್ನೂ. ವರ್ಷವರ್ಷವೂ ಹೂಳು ತುಂಬುವ ಕಾಲುವೆಗಳನ್ನು ಅಗೆಯದಿದ್ದರೆ ಆ ನಾಡಿನಲ್ಲಿ ಬೆಳೆಯಿಲ್ಲ. ಆ ಜನರು ತಮ್ಮ ಬೆನ್ನು ಮುರಿಯುವ ದುಡಿಮೆಗೆ ಕಾರಣವನ್ನು ಹುಡುಕಿ ಈ ಕಥೆಯನ್ನು ಕಟ್ಟಿದರು. ಹಾರೆಬುಟ್ಟಿಗಳ ಈ ಕಾವ್ಯದಲ್ಲಿ ಗಣಿಯನ್ನು ತಂದಿಡುವುದು ಗ್ರಂಥದ ಮಾತನ್ನೇ ಅಳಿಸಿದಂತಲ್ಲವೆ?

ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ 243ನೆಯ ಸಂಖ್ಯೆಯ ಮುದ್ರೆಯೊಂದಿದೆ. ನಕ್ಷತ್ರಾಕೃತಿಯೊಂದರ ಸುತ್ತಲೂ ಅದರಲ್ಲಿರುವ ಬಿಂದುಗಳನ್ನು ಸಿಚಿನ್ನರು ಸೂರ್ಯಮಂಡಲವೆಂದು ಎಣಿಸಿದರು. ಮುದ್ರೆಯ ಮೇಲಿನ ಬರಹವಾದರೋ ವ್ಯಕ್ತಿನಾಮಗಳನ್ನೂ ಸೇವಕನೆಂಬ ಮಾತನ್ನೂ ಹೇಳುವುದೇ ಹೊರತು ಖಗೋಳವನ್ನು ಹೇಳುವುದಿಲ್ಲ. ಬಾಬಿಲೋನಿಯದ ಜ್ಯೋತಿಷಿಗಳು ಗ್ರಹಗಳ ಉದಯಾಸ್ತಗಳನ್ನು ಶತಮಾನಗಳ ಕಾಲ ಲೆಕ್ಕವಿಟ್ಟು ಬರೆದಿರುವ ಅಸಂಖ್ಯ ಫಲಕಗಳಲ್ಲಿ ಗ್ರಹಗಳು ಐದೇ, ಸೂರ್ಯಚಂದ್ರರೊಡನೆ ಏಳು.

4. ಯೆಹೆಜ್ಕೇಲನ ದರ್ಶನ

ಯೆಹೆಜ್ಕೇಲನು ಯೆಹೂದದಿಂದ ಬಾಬಿಲೋನಿಯಕ್ಕೆ ಸೆರೆಯಾಗಿ ಹೋದವರಲ್ಲೊಬ್ಬನು. ಅವನಿಗೆ ದರ್ಶನವಾದುದು ಯೆಹೋಯಾಕೀನರಾಜನ ಸೆರೆಯ 5ನೆಯ ವರ್ಷದಲ್ಲಿ, ಎಂದರೆ ಕ್ರಿ. ಪೂ. 593ರಲ್ಲಿ, ಕೆಬಾರ್ ಎಂಬ ಕಾಲುವೆಯ ದಡದಲ್ಲಿ. ಈ ಕಾಲುವೆಯ ಹೆಸರು ನಿಪ್ಪೂರಿನಲ್ಲಿ ದೊರೆತ ವ್ಯಾಪಾರಪತ್ರಗಳಲ್ಲಿಯೂ ಇದೆ. ಮನುಷ್ಯ, ಸಿಂಹ, ವೃಷಭ, ಗರುಡ ಎಂಬ ನಾಲ್ಕು ಮುಖಗಳುಳ್ಳ ರೆಕ್ಕೆಯ ಜೀವಿಗಳನ್ನೂ, ಚಕ್ರದೊಳಗಿನ ಚಕ್ರಗಳನ್ನೂ, ಅವುಗಳ ಮೇಲೆ ಸಿಂಹಾಸನವನ್ನೂ ಅವನು ವರ್ಣಿಸುವನು. ಬ್ಲೂಮ್‌ರಿಖ್ಖರು ಜೀವಿಗಳನ್ನು ನೌಕೆಯ ಕಾಲುಗಳೆಂದೂ ರೆಕ್ಕೆಗಳನ್ನು ತಿರುಗುವ ಅಲಗುಗಳೆಂದೂ ಅರ್ಥಮಾಡಿದರು.

ಉಪಕ್ರಮೋಪಸಂಹಾರಗಳಿಂದ ತಾತ್ಪರ್ಯವನ್ನು ನಿರ್ಣಯಿಸತಕ್ಕುದಷ್ಟೆ. ಪ್ರಕರಣದ ಆರಂಭದಲ್ಲಿ ಪ್ರವಾದಿಯು ತಾನು ದೇವರ ದರ್ಶನಗಳನ್ನು ಕಂಡುದಾಗಿ ಹೇಳುವನು. ಅಂತ್ಯದಲ್ಲಿ ಅದು ದೇವರ ಮಹಿಮೆಯ ತೋರಿಕೆಯೆಂದು ಹೇಳಿ ಬೋರಲಾಗಿ ಬೀಳುವನು. ನಡುವೆ ಹೆಜ್ಜೆಹೆಜ್ಜೆಗೂ ಹೋಲಿಕೆ, ತೋರಿಕೆ ಎಂಬ ಅರ್ಥದ ಪದಗಳನ್ನೇ ಬಳಸುವನು. ಇವು ಉಪಮಾವಾಚಕಗಳು. ವಾಚಕಶಬ್ದವನ್ನು ಬಿಟ್ಟು ಉಪಮಾನವನ್ನೇ ವಸ್ತುವೆಂದು ಹಿಡಿದರೆ, ಮುಖಚಂದ್ರನೆಂದ ಕವಿಯು ಹೆಣ್ಣಿನ ಕತ್ತಿನ ಮೇಲೆ ಚಂದ್ರಮಂಡಲವನ್ನು ಕಂಡನೆಂದೂ ಹೇಳಬೇಕಾದೀತು. 10ನೆಯ ಅಧ್ಯಾಯದಲ್ಲಿ ಪ್ರವಾದಿಯೇ ಈ ಜೀವಿಗಳು ಕೆರೂಬಿಗಳೆಂದು ತಿಳಿಯಪಡಿಸಿದ್ದಾನೆ. ಮನುಷ್ಯಮುಖ, ವೃಷಭಶರೀರ, ಗರುಡಪಕ್ಷಗಳನ್ನುಳ್ಳ ದ್ವಾರಪಾಲಕರ ಶಿಲಾಮೂರ್ತಿಗಳು ಅಸ್ಸೀರಿಯದ ಅರಮನೆಗಳಲ್ಲಿದ್ದುದನ್ನು ಲೇಯರ್ಡ್ ಎಂಬವರು 1845ರಿಂದ ನಡಸಿದ ಭೂಶೋಧನೆಯು ತೋರಿಸಿಕೊಟ್ಟಿತು. ಸೋತವರ ದೇವಾಲಯವನ್ನೂ ಮೀರಿ ಅವರ ದೇವರು ಶತ್ರುವಿನ ನಾಡಿಗೂ ಬರಬಲ್ಲನೆಂಬುದೇ ಚಕ್ರಗಳುಳ್ಳ ಸಿಂಹಾಸನದ ತಾತ್ಪರ್ಯ. ಸೆರೆಯಲ್ಲಿದ್ದ ಜನಕ್ಕೆ ಇದಕ್ಕಿಂತ ಬೇರೆ ಆಶ್ವಾಸನವು ಬೇಕಿರಲಿಲ್ಲ. ಅದನ್ನು ನೌಕೆಯೆಂದೊಡನೆ ಆ ಆಶ್ವಾಸನವು ಮಾಯವಾಗುವುದು.

ಇನ್ನು ದೇವದೂತರ ವಿಷಯ. ಹೀಬ್ರೂವಿನ ಮಲಾಖ್ ಎಂಬುದಕ್ಕೂ ಗ್ರೀಕಿನ ಆಂಗೆಲೊಸ್ ಎಂಬುದಕ್ಕೂ ದೂತನೆಂದಷ್ಟೇ ಅರ್ಥ. ರಾಜರು ಕಳುಹಿಸಿದ ಮನುಷ್ಯರಿಗೂ ಇವೇ ಪದಗಳು ಸಲ್ಲುವುವು. ಅಬ್ರಹಾಮನ ಡೇರೆಗೆ ಬಂದವರು ಮನುಷ್ಯರೂಪದವರು. ಅವರಿಗೆ ರೆಕ್ಕೆಗಳನ್ನು ಹೇಳಿಲ್ಲ. ಕ್ರೈಸ್ತಚಿತ್ರಗಳಲ್ಲಿಯೂ ದೇವದೂತರಿಗೆ ರೆಕ್ಕೆಗಳು ಬಂದುದು ಕ್ರಿ. ಶ. 4ನೆಯ ಶತಮಾನದ ಅಂತ್ಯಭಾಗದಲ್ಲಿ. ರೆಕ್ಕೆಯನ್ನು ಹಾರಾಟದ ಯಂತ್ರದ ನೆನಪೆನ್ನುವವರು ಈ ಕಾಲಕ್ರಮವನ್ನು ಗಮನಿಸಬೇಕು.

5. ನಿಜವಾದ ಸಂಬಂಧ

ಹಾಗಾದರೆ ಮೆಸೊಪೊಟೇಮಿಯದ ಕಥೆಗಳಿಗೂ ಬೈಬಲ್ಲಿನ ಸಂಪ್ರದಾಯಕ್ಕೂ ಸಂಬಂಧವೇ ಇಲ್ಲವೋ ಎಂದರೆ, ಇದೆ. 1872ರ ಡಿಸೆಂಬರಿನಲ್ಲಿ ಜಾರ್ಜ್ ಸ್ಮಿತ್ತರು ಬಾಬಿಲೋನಿಯದ ಜಲಪ್ರಳಯದ ಕಥೆಯನ್ನು ಲಂಡನ್ನಿನ ಸಭೆಯಲ್ಲಿ ಓದಿದಂದಿನಿಂದ ಅದು ಪ್ರಸಿದ್ಧವೇ ಆಗಿದೆ. ಮರ್ದುಕದೇವನ ಅರ್ಚಕನಾದ ಬೆರೋಸನು ಕ್ರಿ. ಪೂ. 3ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥದ ಪ್ರಕಾರ, ಓವನ್ನೀಸನೆಂಬ ಮತ್ಸ್ಯದೇಹಿಯು ಸಮುದ್ರದಿಂದೆದ್ದು ಬಂದು ಮನುಷ್ಯರಿಗೆ ಅಕ್ಷರವಿದ್ಯೆಯನ್ನೂ ನಗರನಿರ್ಮಾಣವನ್ನೂ ಕಲಿಸಿ ರಾತ್ರಿಯಲ್ಲಿ ಸಮುದ್ರಕ್ಕೇ ಮರಳುತ್ತಿದ್ದನು. ಉರುಕ್ ನಗರದ ಫಲಕವೊಂದರಲ್ಲಿ ಇವನು ಉಅನ್ನ ಎಂಬ ಹೆಸರಿನಿಂದ ಪ್ರಳಯಪೂರ್ವದ ಏಳು ಅಪ್ಕಲ್ಲುಗಳಲ್ಲಿ, ಎಂದರೆ ಜ್ಞಾನಿಗಳಲ್ಲಿ, ಮೊದಲನೆಯವನು. ಇವನು ಬಂದುದು ನೀರಿನಿಂದ, ಆಕಾಶದಿಂದಲ್ಲವೆಂಬುದನ್ನು ಗಮನಿಸತಕ್ಕುದು.

ಯೆಹೂದ್ಯರ ಹನೋಕನ ಗ್ರಂಥದಲ್ಲಿ 200 ಮಂದಿ ಕಾವಲುಗಾರ ದೇವದೂತರು ಹೆರ್ಮೋನ್ ಪರ್ವತದ ಮೇಲೆ ಇಳಿದು, ಮನುಷ್ಯಸ್ತ್ರೀಯರನ್ನು ಕೂಡಿ, ಆಯುಧನಿರ್ಮಾಣವೇ ಮೊದಲಾದ ವಿದ್ಯೆಗಳನ್ನು ಕಲಿಸಿ ಲೋಕವನ್ನು ಕೆಡಿಸುವರು. ಇದು ಸಮಗ್ರವಾಗಿ ಉಳಿದಿರುವುದು ಇಥಿಯೋಪಿಯದ ಗೀಜ್ ಭಾಷೆಯಲ್ಲಿ. ಕುಮ್ರಾನಿನ ಗುಹೆಯಲ್ಲಿ ದೊರೆತ ಅರಮೇಯಿಕ್ ತುಣುಕುಗಳನ್ನು ಮಿಲಿಕ್ಕರು ಪ್ರಕಟಿಸಿದುದು, ಸಿಚಿನ್ನರ ಗ್ರಂಥವು ಹೊರಟ 1976ರಲ್ಲಿಯೇ. 2010ರಲ್ಲಿ ಅಮರ್ ಅನ್ನುಸ್ ಎಂಬ ವಿದ್ವಾಂಸರು ಈ ಕಾವಲುಗಾರರು ಅಪ್ಕಲ್ಲುಗಳ ವಿಪರ್ಯಾಸರೂಪವೆಂದು ಸಕಾರಣವಾಗಿ ವಾದಿಸಿದರು. ಎಂದರೆ, ಬಾಬಿಲೋನಿಯನ್ನರು ತಮ್ಮ ವಿದ್ಯೆಯ ಗುರುಗಳೆಂದು ಪೂಜಿಸಿದವರನ್ನೇ ಯೆಹೂದ್ಯ ಲೇಖಕರು ಪಾಪದ ಗುರುಗಳನ್ನಾಗಿ ಮಾಡಿದರು. ಗೆದ್ದವರ ಗರ್ವಕ್ಕೆ ಸೋತವರು ಗ್ರಂಥದಲ್ಲಿ ಕೊಟ್ಟ ಉತ್ತರವಿದು. ನಮ್ಮಲ್ಲಿ ದೇವವಾಚಕವಾಗಿದ್ದ ಅಸುರಶಬ್ದವು ಕಾಲಾಂತರದಲ್ಲಿ ದೈತ್ಯವಾಚಕವಾದುದನ್ನು ಬಲ್ಲವರಿಗೆ ಇಂಥ ವಿಪರ್ಯಾಸವು ಆಶ್ಚರ್ಯವಲ್ಲ.

6. ಉಪಸಂಹಾರ

ಈ ವಾದವು ನಮ್ಮ ದೇಶಕ್ಕೂ ಬಂದಿದೆ. ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕಶಾಸ್ತ್ರವು 1973ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಗಿ, ಗಗನಯಾತ್ರಿವಾದಿಗಳಿಗೆ ಪ್ರಮಾಣಗ್ರಂಥವಾಯಿತು. ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನ ವಿದ್ವಾಂಸರು 1974ರಲ್ಲಿ ಅದನ್ನು ಪರೀಕ್ಷಿಸಿ, ಅದರ ಭಾಷೆಯು ಅರ್ವಾಚೀನವೆಂದೂ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ, ಅದರ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಪರರ ಗ್ರಂಥಗಳಿಗೆ ಯಾವ ಒರೆಗಲ್ಲೋ ನಮ್ಮವಕ್ಕೂ ಅದೇ ಒರೆಗಲ್ಲು.

ಗಗನಯಾತ್ರಿವಾದದಿಂದ ಆಗುವ ಹಾನಿಯು ಕೇವಲ ತಪ್ಪು ಕಾಲನಿರ್ಣಯವಲ್ಲ. ಕಾಲುವೆಯನ್ನಗೆದ ರೈತನ ದುಡಿಮೆಯನ್ನೂ, ಲಿಪಿಯನ್ನು ಕಂಡುಹಿಡಿದ ಲೆಕ್ಕಿಗನ ಬುದ್ಧಿಯನ್ನೂ, ಸೆರೆಯಲ್ಲಿ ದೇವರನ್ನು ಹುಡುಕಿದ ಪ್ರವಾದಿಯ ಶ್ರದ್ಧೆಯನ್ನೂ ಅವರಿಂದ ಕಸಿದು ಯಾರೂ ಕಾಣದ ಅತಿಥಿಗಳಿಗೆ ದಾನಮಾಡುವುದು ಈ ವಾದ. ಅನ್ಯಲೋಕಗಳಲ್ಲಿ ಜೀವಿಗಳಿರಬಹುದೋ ಇಲ್ಲವೋ ಎಂಬುದು ಖಗೋಳಶಾಸ್ತ್ರದ ವಿಷಯ; ಅದನ್ನು ಇಲ್ಲಿ ನಿಷೇಧಿಸುವುದಿಲ್ಲ. ಈ ಗ್ರಂಥಗಳು ಅದಕ್ಕೆ ಸಾಕ್ಷಿಯಲ್ಲವೆಂಬುದಷ್ಟೇ ಸಿದ್ಧಾಂತ. ವಿದ್ಯಾರ್ಥಿಗಳು ಈ ಪ್ರಶ್ನೆಯನ್ನೆತ್ತಿದಾಗ ಉಪಾಧ್ಯಾಯರು ನಗೆಯಾಡಿ ಬಿಡದೆ, ಪದದ ರೂಢಿ ಯಾವುದು, ಪ್ರಕರಣ ಯಾವುದು, ಅದೇ ಪದವು ಅದೇ ಗ್ರಂಥದಲ್ಲಿ ಬೇರೆಡೆ ಹೇಗೆ ಬಂದಿದೆ, ಬೇರೊಬ್ಬ ವಿದ್ವಾಂಸನು ಸ್ವತಂತ್ರವಾಗಿ ಓದಿದರೆ ಅದೇ ಅರ್ಥವು ಬರುವುದೋ ಎಂಬ ನಾಲ್ಕು ಪ್ರಶ್ನೆಗಳನ್ನು ಅವರ ಕೈಗೆ ಕೊಟ್ಟರೆ ಸಾಕು. ಮಿಕ್ಕುದನ್ನು ಗ್ರಂಥಗಳೇ ಹೇಳುವುವು.